ಸೋರಿದ್ದು ಒಂದು ಕಡೆ, ನೀರು ಕಂಡಿದ್ದು ಇನ್ನೊಂದು ಕಡೆ

ಮೂರು ಅಡಿ ಉದ್ದದ ಮೀನಿನ ಟ್ಯಾಂಕ್ ಒಂದೂವರೆ ಸಾವಿರಕ್ಕೆ ಸಿಕ್ಕಿತು ಅಂದಾಗ ಮನೆಯಲ್ಲಿ ಯಾರೂ ಖುಷಿಪಡಲಿಲ್ಲ. "ಅಷ್ಟು ಕಡಿಮೆಗೆ ಯಾಕೋ ಕೊಟ್ರು?" ಅಂತ ಅಮ್ಮ ಕೇಳಿದರು. ಆ ಪ್ರಶ್ನೆಯನ್ನು ನಾನು ದುಡ್ಡು ಕೊಡುವ ಮೊದಲೇ ಕೇಳಬೇಕಿತ್ತು.

ಮೈಸೂರಿನ ವಿಜಯನಗರದಲ್ಲಿ ಒಬ್ಬರು ವರ್ಗವಾಗಿ ಬೇರೆ ಊರಿಗೆ ಹೊರಟಿದ್ದರು. ಟ್ಯಾಂಕ್ ಎರಡು ವರ್ಷದಿಂದ ಅವರ ತಾರಸಿ ಮೇಲೆ ಬಿಸಿಲಲ್ಲಿ ಖಾಲಿ ಕೂತಿತ್ತು. ಒಳಗೆ ಒಣಗಿದ ಮರಳು, ಒಂದು ಪ್ಲಾಸ್ಟಿಕ್ ಗಿಡ, ಹಲ್ಲಿ ಮೊಟ್ಟೆ. "ಸ್ವಲ್ಪ ಒರೆಸ್ಕೊಂಡ್ರೆ ಆಯ್ತು ಸಾರ್" ಅಂದರು. ನಾನು ಗಾಜನ್ನು ಮಾತ್ರ ನೋಡಿದೆ. ಎಲ್ಲ ಕಡೆ ಉಗುರು ಆಡಿಸಿದೆ, ಎಲ್ಲೂ ಬಿರುಕಿಲ್ಲ. 8 ಮಿಲಿಮೀಟರ್ ದಪ್ಪ, ಮೇಲೆ ಅಡ್ಡಕ್ಕೆ ಗಾಜಿನ ಪಟ್ಟಿಗಳೂ ಇವೆ. ಮೂಲೆಗಳ ಸಿಲಿಕಾನ್, ಅಂದರೆ ಗಾಜುಗಳನ್ನು ಜೋಡಿಸುವ ರಬ್ಬರಿನಂಥ ಅಂಟು, ಹಳದಿಯಾಗಿ, ಅಂಚಲ್ಲಿ ಎದ್ದು ನಿಂತಿದ್ದು ಕಂಡಿತು. ಕಂಡರೂ ತಲೆಗೆ ಹೋಗಲಿಲ್ಲ. ಬಲಗಡೆ ತಳದ ಹೊರ ಅಂಚಿಗೆ ಯಾರೋ ನಲ್ಲಿ ಸೋರಿದರೆ ಮೆತ್ತುವ ಪುಟ್ಟಿ ಮೆತ್ತಿದ್ದರು. ಅದನ್ನು ನೋಡಿ 'ಪರವಾಗಿಲ್ಲ, ರಿಪೇರಿ ಆಗಿದೆ' ಅಂದುಕೊಂಡೆ! ಆಮೇಲೆ ಗೊತ್ತಾಗಿದ್ದು, ಹೊರಗಿನಿಂದ ಮೆತ್ತಿದ್ದು ನಿಲ್ಲುವುದಿಲ್ಲ. ಒಳಗಿನ ನೀರು ಅದನ್ನು ಹೊರಕ್ಕೇ ತಳ್ಳುತ್ತಿರುತ್ತದೆ. ಒಳಗಡೆ ಹಾಕಿದ ಸಿಲಿಕಾನನ್ನು ಅದೇ ನೀರು ಗಾಜಿಗೆ ಒತ್ತಿ ಹಿಡಿಯುತ್ತದೆ.

ಲಗೇಜ್ ಆಟೋದಲ್ಲಿ ಹಳೆ ಹಾಸಿಗೆ ಹಾಸಿ ತಂದೆವು. ಖಾಲಿ ಟ್ಯಾಂಕೇ 30 ಕಿಲೋ ಹತ್ತಿರ ಇತ್ತು. ಪೋರ್ಟಿಕೋದಲ್ಲಿ ಥರ್ಮಾಕೋಲ್ ಹಾಳೆ ಹಾಕಿ ಇಳಿಸಿ, ಮರಳು ತೊಳೆದು, ಪೈಪ್ ಬಿಟ್ಟೆ. ಅರ್ಧ ತುಂಬಿತು. ನಾನು ಕಾಫಿ ಕುಡಿದು ಬಂದೆ. ಮುಂದಿನ ಬಲ ಮೂಲೆಯಿಂದ ತೆಳ್ಳಗೆ ನೀರು ಹೊರಟು ಗೇಟಿನ ಕಡೆ ಹರಿಯುತ್ತಿತ್ತು.

ಸರಿ, ಮುಂದಿನ ಬಲ ಮೂಲೆ. ಪುಟ್ಟಿ ಮೆತ್ತಿದ್ದೂ ಅದರ ಪಕ್ಕದಲ್ಲೇ. ನನಗೆ ಯಾವ ಅನುಮಾನವೂ ಬರಲಿಲ್ಲ. ನೀರು ಖಾಲಿ ಮಾಡಿ, ಬಟ್ಟೆಯಿಂದ ಒರೆಸಿ, ಒಂದು ದಿನ ಒಣಗಿಸಿ, ಸಣ್ಣ ಟ್ಯೂಬ್ ತಂದು ಆ ಮೂಲೆಗೆ ಹಳೆ ಸಿಲಿಕಾನ್ ಮೇಲೆಯೇ ದಪ್ಪಗೆ ಬಳಿದೆ. ಮೂರು ದಿನ ಬಿಟ್ಟು ಮತ್ತೆ ನೀರು. ಮತ್ತೆ ಅದೇ ಮೂಲೆ, ಅದೇ ನೀರಿನ ಗೆರೆ. ಸಿಟ್ಟು ಬಂದು, ನೀರು ತೆಗೆದ ಮೇಲೆ ನಾನೇ ಬಳಿದದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ಬಾಳೆಹಣ್ಣಿನ ಸಿಪ್ಪೆ ಥರ ಪೂರ್ತಿ ಕೈಗೆ ಬಂತು.

ಆ ಸಿಪ್ಪೆ ಹಿಡಿದುಕೊಂಡೇ ಸಂತೇಪೇಟೆ ಕಡೆಯ ಒಬ್ಬ ಗಾಜು ಕತ್ತರಿಸುವವರ ಹತ್ತಿರ ಹೋದೆ. ಅವರು ನೋಡಿ ನಕ್ಕರು. "ಹಳೇದರ ಮೇಲೆ ಹೊಸದು ಕೂರಲ್ಲ ಸಾರ್. ಒಂದ್ಸಲ ಗಟ್ಟಿಯಾದ್ಮೇಲೆ ಅದಕ್ಕೆ ಏನೂ ಅಂಟಲ್ಲ. ಗಾಜಿಗೇ ಅಂಟಬೇಕು." ಆಮೇಲೆ ಅಲ್ಲೇ ಇದ್ದ ಎರಡು ಗಾಜಿನ ಚೂರು ಜೋಡಿಸಿ ತೋರಿಸಿದರು. ಗಾಜಿನ ಅಂಚಿಗೂ ಇನ್ನೊಂದು ಗಾಜಿಗೂ ಮಧ್ಯೆ ತೆಳ್ಳಗೆ ಇರುವ ಸಿಲಿಕಾನ್ ಒಂದು. ಟ್ಯಾಂಕನ್ನು ಹಿಡಿದು ನಿಲ್ಲಿಸಿರುವುದು ಅದು. ಒಳ ಮೂಲೆ ಉದ್ದಕ್ಕೂ ಬಳಿದಿರುವುದು ಇನ್ನೊಂದು. ಅದರ ಕೆಲಸ ನೀರನ್ನು ತಡೆಯುವುದು. "ಮಧ್ಯದ್ದು ಮೂಳೆ, ಒಳಗಿಂದು ಚರ್ಮ. ಚರ್ಮ ಪೂರ್ತಿ ಕೆರೆದು ತೆಗೀರಿ. ಮೂಳೆಗೆ ಬ್ಲೇಡ್ ಹಾಕ್ಬೇಡಿ. ಮೂಳೆನೇ ಹೋಗಿದ್ರೆ ಐದು ಗಾಜೂ ಬಿಚ್ಚಿ ಹೊಸದಾಗಿ ಕಟ್ಬೇಕು. ಅದು ನಿಮ್ ಕೈಲಿ ಆಗಲ್ಲ, ನಂಗೆ ಕೊಡಿ."

ಮೂಳೆ ಹೇಗಿದೆ ಅಂತ ನೋಡುವುದು ಸುಲಭ. ಹೊರಗಿನಿಂದ ಟಾರ್ಚ್ ಬಿಟ್ಟು ಜೋಡಣೆಯನ್ನು ನೋಡಬೇಕು. ಒಂದೇ ಸಮ ಕಂಡರೆ ಒಳ್ಳೆಯದು. ಬೆಳ್ಳಗೆ ಮಂಜು ಕಟ್ಟಿದ ಪಟ್ಟೆ, ಉದ್ದುದ್ದ ಗುಳ್ಳೆ ಕಂಡರೆ ಅಲ್ಲಿ ಗಾಜು ಬಿಟ್ಟುಕೊಂಡಿದೆ ಎಂದರ್ಥ. ನಮ್ಮದರಲ್ಲಿ ಹಿಂದಿನ ತಳದ ಜೋಡಣೆಯಲ್ಲಿ ಎಡ ತುದಿಯ ಹತ್ತಿರ ಎಳ್ಳಿನಷ್ಟು ದೊಡ್ಡ ಎರಡು ಗುಳ್ಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಿಂದಿನದು, ಎಡದ್ದು. ಸೋರುವ ಮೂಲೆಗೆ ಪೂರ್ತಿ ಎದುರು ದಿಕ್ಕು. ಹಾಗಾಗಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈ ಗಂಟು ಬಿಡಿಸಿದ್ದು ಅಮ್ಮ. ಶನಿವಾರ ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಾ, ನಾನು ಮತ್ತೆ ಆ ಮೂಲೆಯನ್ನೇ ಕೆರೆಯುತ್ತಿದ್ದುದನ್ನು ನೋಡಿದರು. "ಏನೋ, ಈ ಮೂಲೆನೇ ಯಾಕೆ ಹಿಡ್ಕೊಂಡಿದೀಯ?" ಅಂದರು. ನೀರು ಇಲ್ಲಿಂದಲೇ ಬರ್ತಿದೆ ಅಲ್ವಾ ಅಂದೆ. "ನಾನು ಎಲ್ಲಿ ನೀರು ಹಾಕಿದ್ರೂ ಅಲ್ಲಿಂದಲೇ ಬರತ್ತೆ. ಗೇಟಿಗೆ ಹೋಗ್ಲಿ ಅಂತ ಮೇಸ್ತ್ರಿ ವಾಟ ಕೊಟ್ಟಿಲ್ವೇನೋ?"

ಅಯ್ಯೋ ಅನಿಸಿತು. 22 ವರ್ಷದಿಂದ ಅದೇ ನೆಲ ತುಳಿಯುತ್ತಿದ್ದೇನೆ. ಟ್ಯಾಂಕ್ ಎಲ್ಲಿ ಸೋರಿದರೂ ನೀರು ತಳದ ಕೆಳಗೆ ಥರ್ಮಾಕೋಲ್ ಮೇಲೆ ಹರಿದು, ಇಳಿಜಾರಿನ ಕಡೆಯ ಮೂಲೆಯಲ್ಲೇ ಹೊರಗೆ ಬರಬೇಕು. ಹಳೇ ಮಾಲೀಕರ ಪುಟ್ಟಿಯೂ ಯಾವುದೋ ತಾರಸಿಯ ವಾಟವನ್ನು ನಂಬಿ ಮೆತ್ತಿದ್ದಿರಬೇಕು.

ಅವತ್ತೇ ಟ್ಯಾಂಕನ್ನು ಎತ್ತಿ, ಗೇಟಿನ ಕಡೆ ಟೈಲ್ಸ್ ಚೂರು ಕೊಟ್ಟು, ಪ್ಲೈವುಡ್ ಹಲಗೆ ಹಾಕಿ, ರಸಮಟ್ಟ ಇಟ್ಟು ಎರಡೂ ಕಡೆ ಸಮ ಮಾಡಿದೆ. ತಳದ ನಾಲ್ಕೂ ಅಂಚಿಗೆ ಟಿಶ್ಯೂ ಕಾಗದವನ್ನು ಪಟ್ಟಿ ಮಾಡಿ ಸಿಕ್ಕಿಸಿದೆ. ಮಗಳ ಸ್ಕೆಚ್ ಪೆನ್ನಿನಿಂದ ಪ್ರತಿ ಪಟ್ಟಿಯ ಮೇಲೂ ಉದ್ದಕ್ಕೆ ನೀಲಿ ಗೆರೆ ಎಳೆದೆ. ನೀರಿನ ಹನಿ ತಾಗಿದರೆ ಗೆರೆ ಹರಡುತ್ತದೆ, ಎಲ್ಲಿ ಮೊದಲು ಅಂತಲೂ ಗೊತ್ತಾಗುತ್ತದೆ. ಈ ಸಲ ಬರೀ ಒಂದು ಬಕೆಟ್ ನೀರು ಹಾಕಿದೆ. ತಳದಲ್ಲಿ ಎರಡು ಇಂಚು ನಿಂತಿತು. ಜಾಸ್ತಿ ಹಾಕಿದರೆ ಎಲ್ಲ ಕಡೆ ಒದ್ದೆಯಾಗಿ ಮತ್ತೆ ಗೊಂದಲ. ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಹಿಂದುಗಡೆ, ಎಡ ತುದಿಯಿಂದ ಒಂದು ಗೇಣು ಈಚೆ, ನೀಲಿ ಗೆರೆ ಮೆಲ್ಲಗೆ ಹೂವಿನ ಥರ ಹರಡಿತು.

ಅದರ ಆಸುಪಾಸಿನಲ್ಲಿ ಒಳಗಡೆ ಬೆರಳಿಟ್ಟು ಒತ್ತುತ್ತಾ ಹೋದೆ. ಒಂದು ಕಡೆ ಒಂದೂವರೆ ಇಂಚಿನಷ್ಟು ಸಿಲಿಕಾನ್ ಗಾಜು ಬಿಟ್ಟು ಎದ್ದಿತ್ತು. ನೀರು ಅಲ್ಲಿ ಒಳಗೆ ನುಗ್ಗಿ, ಚರ್ಮದ ಕೆಳಗೆ ಸ್ವಲ್ಪ ದೂರ ಹರಿದು, ಎಳ್ಳಿನ ಗುಳ್ಳೆಗಳ ಹತ್ತಿರ ಹೊರಗೆ ಬರುತ್ತಿತ್ತು.

ಅಷ್ಟನ್ನೇ ಕೆರೆದು ಬಳಿದರೆ ಸಾಕಲ್ವಾ? ನನಗೂ ಆ ಆಸೆ ಬಂತು. ಆದರೆ ಹೊಸದರ ಎರಡು ತುದಿ ಹಳೇದಕ್ಕೆ ತಾಗಲೇಬೇಕು. ತಾಗುವ ಜಾಗದಲ್ಲಿ ಅಂಟುವುದಿಲ್ಲ ಅಂತ ಈಗಾಗಲೇ ನೋಡಿದ್ದೆ. ಒಳಗಿನ ಚರ್ಮ ಪೂರ್ತಿ ತೆಗೆಯುವುದು ಅಂತ ತೀರ್ಮಾನ ಮಾಡಿದೆ. ತಳದ ನಾಲ್ಕು, ನಿಂತಿರುವ ನಾಲ್ಕು, ಒಟ್ಟು ನಾಲ್ಕೂಕಾಲು ಮೀಟರ್.

ಕೆಲಸ ಅಂದರೆ ಇದೇ. ಉಳಿದದ್ದೆಲ್ಲ ಇದರ ಮುಂದೆ ಆಟ. ಎರಡು ಸಂಜೆ ಮತ್ತು ಒಂದು ಭಾನುವಾರದ ಬೆಳಗ್ಗೆ ಕೆರೆದೆ. ಬಣ್ಣ ಕೆರೆಯುವ ಹಿಡಿಗೆ ಹೊಸ ಬ್ಲೇಡ್ ಹಾಕಿ, ಗಾಜಿಗೆ ಹೆಚ್ಚುಕಡಿಮೆ ಮಲಗಿಸಿ ತಳ್ಳಬೇಕು. ಒಂದು ಗಾಜಿನ ಕಡೆಯಿಂದ ಒಂದು ಗೀರು, ಇನ್ನೊಂದು ಗಾಜಿನ ಕಡೆಯಿಂದ ಇನ್ನೊಂದು. ಆಗ ಪಟ್ಟಿ ಉದ್ದಕ್ಕೆ ಎದ್ದು ಬರುತ್ತದೆ. ಉದ್ದ ಬಂದಾಗ ಆಗುವ ಖುಷಿ ಹೇಳತೀರದು. ಕಿತ್ತಳೆ ಸಿಪ್ಪೆಯನ್ನು ಒಂದೇ ಸುತ್ತಲ್ಲಿ ಸುಲಿದಷ್ಟು. ಆದರೆ ಅದು ಮೊದಲ ಪದರ ಮಾತ್ರ. ಗಾಜಿಗೆ ಕಚ್ಚಿಕೊಂಡ ತೆಳು ಪೊರೆ ಕಣ್ಣಿಗೇ ಕಾಣುವುದಿಲ್ಲ. ಬೆರಳಿಗೆ ಗೊತ್ತಾಗುತ್ತದೆ. ಬರೀ ಗಾಜಿನ ಮೇಲೆ ಬೆರಳು 'ಕಿರ್' ಅನ್ನುತ್ತದೆ, ಪೊರೆ ಇದ್ದ ಕಡೆ ರಬ್ಬರಿನ ಹಾಗೆ ತಡೆಯುತ್ತದೆ. ಮೂಲೆಯಲ್ಲಿ ಬ್ಲೇಡಿನ ತುದಿ ಎರಡು ಗಾಜಿನ ಸಂದಿಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಅಲ್ಲಿರುವುದು ಮೂಳೆ. ನಾನು ಮೂಳೆ ಉಳಿಸಿದೆ, ನನ್ನ ಹೆಬ್ಬೆರಳು ಉಳಿಸಲಿಲ್ಲ. ಗಾಯ ವಾಸಿಯಾಗುವುದಕ್ಕೆ ಸಿಲಿಕಾನ್ ಒಣಗುವುದಕ್ಕಿಂತ ಜಾಸ್ತಿ ದಿನ ಬೇಕಾಯಿತು.

ಗಾಜಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ ಕಲ್ಲಿನಂತೆ ಕೂತಿತ್ತು. ವಿನಿಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಒಂದು ಗಂಟೆ ಅಂಟಿಸಿ ಬಿಟ್ಟರೆ ಮೆತ್ತಗಾಗುತ್ತದೆ. ಅದನ್ನು ಚೆನ್ನಾಗಿ ತೊಳೆದು ಒಣಗಿಸಿ, ಕೊನೆಗೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಮೂಲೆಗಳನ್ನು ಮೂರು ಸಲ ಒರೆಸಿದೆ. ಮನೆಯಲ್ಲಿದ್ದ ನೇಲ್ ಪಾಲಿಶ್ ರಿಮೂವರ್ ಬಾಟಲಿ ತಂದು ಮಗಳು "ಇದೂ ಅದೇ ಅಪ್ಪ" ಅಂದಳು. ಅದರಲ್ಲಿ ಪರಿಮಳ, ಎಣ್ಣೆ ಅಂತ ಏನೇನೋ ಸೇರಿಸಿರುತ್ತಾರೆ. ಅದು ಗಾಜಿನ ಮೇಲೆ ಉಳಿದರೆ ಸಿಲಿಕಾನ್ ಹಿಡಿಯುವುದಿಲ್ಲ. ಅಸಿಟೋನ್‌ಗೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಇದೆಲ್ಲ ಹೊರಗಡೆಯೇ.

ಸಿಲಿಕಾನ್ ಕೊಳ್ಳುವಾಗ ಇನ್ನೊಂದು ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ ದುಬಾರಿ ಟ್ಯೂಬ್ ಕೊಟ್ಟರು. "ಬಾತ್‌ರೂಮ್‌ಗೆ ಹಾಕೋದು ಸಾರ್, ಬೂಷ್ಟು ಹಿಡಿಯಲ್ಲ." ಬೂಷ್ಟು ಹಿಡಿಯಬಾರದು ಅಂದರೆ ಅದರೊಳಗೆ ಬೂಷ್ಟು ಕೊಲ್ಲುವ ಔಷಧಿ ಇರಬೇಕು. ಅದು ನೀರಿಗೆ ಇಳಿದರೆ ಮೀನಿನ ಗತಿ? ವಾಪಸ್ ಕೊಟ್ಟು, ನೂರಕ್ಕೆ ನೂರು ಸಿಲಿಕಾನ್, ಬೂಷ್ಟಿನ ಔಷಧಿ ಇಲ್ಲದ, ಗಾಜಿಗೆ ಹಾಕುವ ಸಾದಾ ಟ್ಯೂಬ್ ಎರಡು ತಂದೆ. ಒಂದೇ ಸಾಕಾಯಿತು. ಆದರೂ ಕೆಲಸದ ಮಧ್ಯೆ ಖಾಲಿಯಾದರೆ ಅಂಗಡಿಗೆ ಓಡುವಷ್ಟು ಸಮಯ ಸಿಲಿಕಾನ್ ಕೊಡುವುದಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಡಾಕ್ಟರ ಕ್ಲಿನಿಕ್‌ನಲ್ಲಿ ಒಂದು ಟ್ಯಾಂಕ್ ಇತ್ತು. ಕಬ್ಬಿಣದ ಆಂಗ್ಲ್ ಚೌಕಟ್ಟಿಗೆ ಪುಟ್ಟಿ ಮೆತ್ತಿ ಗಾಜು ಕೂರಿಸಿದ್ದರು. ತುಕ್ಕು ಇಳಿದು ಗಾಜೆಲ್ಲ ಕೆಂಪು. ಈಗ ಚೌಕಟ್ಟೇ ಇಲ್ಲ, ಬೆರಳಗಲವೂ ಇಲ್ಲದ ಅಂಟಿನ ಮೇಲೆ ಇಡೀ ಟ್ಯಾಂಕ್ ನಿಂತಿದೆ. ಒಂದು ಲೆಕ್ಕ ಹಾಕಿ ನೋಡಿದೆ. 17 ಇಂಚು ನೀರು ತುಂಬಿದರೆ ಮುಂದಿನ ಒಂದು ಗಾಜನ್ನು ನೀರು ತಳ್ಳುವುದು ಹೆಚ್ಚುಕಡಿಮೆ 85 ಕಿಲೋ ಭಾರದಷ್ಟು. ನನ್ನ ತೂಕಕ್ಕಿಂತ ಜಾಸ್ತಿ. ತಳಕ್ಕೆ ಹೋದಷ್ಟೂ ತಳ್ಳುವುದು ಜಾಸ್ತಿಯಾಗುತ್ತದೆ. ಲೆಕ್ಕ ಹಾಕಿದ ಮೇಲೆ ಕೆರೆದ ಜಾಗವನ್ನು ಮತ್ತೊಮ್ಮೆ ಅಸಿಟೋನ್‌ನಲ್ಲಿ ಒರೆಸಿದೆ.

ಭಾನುವಾರ ಮಧ್ಯಾಹ್ನ ಬಳಿಯುವ ಕೆಲಸ. ಪ್ರತಿ ಮೂಲೆಯ ಎರಡೂ ಕಡೆ 7 ಮಿಲಿಮೀಟರ್ ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿದೆವು. ಇದಕ್ಕೇ ಒಂದು ಗಂಟೆ ಹಿಡಿಯಿತು. ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ, ಸಿಲಿಕಾನ್ ಒತ್ತಿ ಹೊರಡಿಸುವ ಗನ್ನಿಗೆ ಹಾಕಿದೆ. ಮೊದಲು ರಟ್ಟಿನ ಮೇಲೆ ಅಭ್ಯಾಸ. ನನ್ನದು ಒಂದು ಕಡೆ ಗಂಟು, ಒಂದು ಕಡೆ ದಾರ. ಹೆಂಡತಿ ನೋಡಿ ನೋಡಿ, "ಕೊಡಿ ರೀ ಇಲ್ಲಿ. ಚಕ್ಕುಲಿ ಒರಳು ಒತ್ತಿದ ಹಾಗೆ, ಒಂದೇ ಸಮ ಒತ್ತಬೇಕು" ಅಂದಳು. ಕೊಟ್ಟುಬಿಟ್ಟೆ. ದೀಪಾವಳಿ, ಗೋಕುಲಾಷ್ಟಮಿ ಅಂತ ಅವಳ ಕೈಗೆ ಎಷ್ಟು ವರ್ಷದ ಅಭ್ಯಾಸವೋ! ಗನ್ ಅವಳ ಕೈಯಲ್ಲಿ, ಹಿಂದಿನಿಂದ ಸವರುವ ಕೆಲಸ ನನ್ನದು.

ಮೊದಲು ನಿಂತಿರುವ ಮೂಲೆಗಳು, ಆಮೇಲೆ ತಳ. ಮೂಲೆಗೆ ಮೂಲೆ ಸೇರುವ ಕಡೆ ಎರಡೂ ಹಸಿಯಾಗಿರಬೇಕು, ಇಲ್ಲವಾದರೆ ಮತ್ತೆ ಅಂಟದ ಕಥೆ. ಅದಕ್ಕೇ ಎಂಟನ್ನೂ ಒಂದೇ ಉಸಿರಿಗೆ ಮಾಡಿ ಮುಗಿಸಬೇಕು. ಸವರುವುದಕ್ಕೆ ಐಸ್‌ಕ್ರೀಮ್ ಕಡ್ಡಿಯ ದುಂಡು ತುದಿ ಸಾಕಾಯಿತು. ಸೋಪಿನ ನೀರು ಮುಟ್ಟಿಸಿ ಸವರಿದರೆ ನುಣ್ಣಗೆ ಬರುತ್ತದೆ ಅಂತ ಪಕ್ಕದ ಮನೆಯವರು ಕಾಂಪೌಂಡ್ ಆಚೆಯಿಂದ ಹೇಳಿದರು. ಸೋಪು ಗಾಜಿಗೆ ಹರಿದರೆ ಅಷ್ಟೂ ಹೊತ್ತು ಒರೆಸಿದ್ದು ನೀರಲ್ಲಿ ಹೋಮ ಮಾಡಿದ ಹಾಗೆ. ಹೂಂ ಅಂದು ಸುಮ್ನೆ ಕೆಲಸ ಮುಂದುವರಿಸಿದೆ. ಕಡ್ಡಿ ಒಂದೇ ಸಲ ಎಳೆಯಬೇಕು. ಇನ್ನೂ ಚಂದ ಮಾಡೋಣ ಅಂತ ಎರಡನೇ ಸಲ ಎಳೆದ ಕಡೆಯೆಲ್ಲ ಕೆಡಿಸಿದೆ. ಸವರಿದ ತಕ್ಷಣ ಟೇಪನ್ನು ಓರೆಯಾಗಿ ಎಳೆದು ತೆಗೆಯಬೇಕು. ಹತ್ತು ನಿಮಿಷ ತಡವಾದರೆ ಮೇಲೆ ಕೆನೆ ಕಟ್ಟಿ, ಟೇಪಿನ ಜೊತೆ ಸಿಲಿಕಾನ್ ಅಂಚೂ ಎದ್ದು ಬರುತ್ತದೆ. ಬಲ ಹಿಂದಿನ ಮೂಲೆಯಲ್ಲಿ ಮೇಲ್ಗಡೆ ಹಾಗೆ ಒಂದು ಇಂಚು ಎದ್ದಿತು. ನೀರು ಅಷ್ಟು ಎತ್ತರ ಹೋಗುವುದಿಲ್ಲ ಅಂತ ಬಿಟ್ಟೆ. ಈಗಲೂ ಬಂದವರಿಗೆ ಕಾಣದಿರಲಿ ಅಂತ ಅಲ್ಲಿ ಫಿಲ್ಟರ್ ಪೈಪ್ ಇಟ್ಟಿದ್ದೇನೆ.

ಸಂಜೆ ಹೊತ್ತಿಗೆ ಪೋರ್ಟಿಕೋ ತುಂಬಾ ಹುಳಿ ವಾಸನೆ. ಈ ಜಾತಿಯ ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ವಿನಿಗರ್‌ನಲ್ಲಿರುವುದೂ ಅದೇ. ಟ್ಯೂಷನ್ನಿಂದ ಬಂದ ಮಗಳು ಗೇಟಿನಲ್ಲೇ ನಿಂತು, "ಯಾರಪ್ಪ ಗೋಬಿ ಮಂಚೂರಿ ತಂದಿರೋದು?" ಅಂತ ಕೇಳಿದಳು.

ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಮಳೆಗಾಲದಲ್ಲಿ ಒಣಗುತ್ತಾ ಅಂತ ನನಗೆ ಚಿಂತೆ. ಆದರೆ ಸಿಲಿಕಾನ್ ಬಟ್ಟೆಯ ಹಾಗೆ ಒಣಗುವುದಿಲ್ಲ. ಗಾಳಿಯ ತೇವವನ್ನೇ ಹೀರಿಕೊಂಡು ಗಟ್ಟಿಯಾಗುತ್ತದೆ. ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರ್. ಒಳಗೆ ಹೋದಷ್ಟೂ ನಿಧಾನ. ಬಳಿಯುವಾಗಲೇ ಒಂದು ಗಾಜಿನ ಚೂರಿನ ಮೇಲೆ ಅಷ್ಟೇ ದಪ್ಪಕ್ಕೆ ಒಂದು ಮುದ್ದೆ ಹಾಕಿಟ್ಟಿದ್ದೆ. ಎರಡನೇ ದಿನ ಬೆರಳಿಗೆ ಪೂರ್ತಿ ಗಟ್ಟಿ ಅನಿಸಿತು. ಬ್ಲೇಡಿನಿಂದ ಕತ್ತರಿಸಿದರೆ ನಡುವೆ ಇನ್ನೂ ಪೇಸ್ಟ್. ಆ ಮುದ್ದೆ ಇಲ್ಲದಿದ್ದರೆ ನಾನು ಅವತ್ತೇ ನೀರು ತುಂಬಿಸುತ್ತಿದ್ದೆ, ಖಂಡಿತ. ಐದನೇ ದಿನ ನಡುವೆಯೂ ರಬ್ಬರ್ ಆಗಿತ್ತು. ಆರನೇ ದಿನ ಟ್ಯಾಂಕಿನೊಳಗೆ ತಲೆ ಹಾಕಿದರೂ ಹುಳಿ ಇರಲಿಲ್ಲ. ಏಳು ತುಂಬಲಿ ಅಂತ ಇನ್ನೊಂದು ದಿನ ಬಿಟ್ಟೆ.

ಪರೀಕ್ಷೆಯನ್ನು ಈ ಸಲ ಸ್ಟ್ಯಾಂಡಿನ ಮೇಲೆಯೇ ಮಾಡಿದೆ. ಕಬ್ಬಿಣದ ಸ್ಟ್ಯಾಂಡ್, ಮೇಲೆ ಪ್ಲೈವುಡ್, ಅದರ ಮೇಲೆ ಹೊಸ ಥರ್ಮಾಕೋಲ್. ಕಾಲುಗಳ ಕೆಳಗೆ ಚೂರು ಕೊಟ್ಟು ರಸಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೂ ಬಿಡಲಿಲ್ಲ. ವಾಟದ ಪಾಠ ಮರೆಯುವ ಹಾಗಿರಲಿಲ್ಲ, ಅಮ್ಮ ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. ನಾಲ್ಕೂ ಕಡೆ ನೀಲಿ ಗೆರೆಯ ಟಿಶ್ಯೂ, ನೆಲಕ್ಕೆ ನ್ಯೂಸ್‌ಪೇಪರ್.

ಮೊದಲು ಆರು ಇಂಚು, ಅಂದರೆ 42 ಲೀಟರ್. ನಾಲ್ಕು ಗಂಟೆ ಕಾದೆ. ಆಮೇಲೆ ಒಂದು ಅಡಿ. ಆ ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಾಕಿ ನೋಡಿದೆ. ಗೆರೆ ಹಾಗೇ ಇತ್ತು. ಬೆಳಗ್ಗೆ 17 ಇಂಚಿಗೆ ತುಂಬಿಸಿ, ನೀರಿನ ಮಟ್ಟಕ್ಕೆ ಸರಿಯಾಗಿ ಟೇಪ್ ಅಂಟಿಸಿದೆ. ಈಗ ಒಳಗೆ 120 ಲೀಟರ್, ಗಾಜೂ ಸೇರಿ 150 ಕಿಲೋ. ಅರ್ಧ ಗಂಟೆಯಲ್ಲಿ ಮುಂದಿನ ಗಾಜಿನ ಹೊರಗೆ ನೀರು! ಎದೆ ಧಸಕ್ ಅಂದಿತು. ಆದರೆ ಅದು ಮೂಲೆಯಲ್ಲಿರಲಿಲ್ಲ, ಗಾಜಿನ ತುಂಬಾ ಒಂದೇ ಸಮ ಬೆವರಿತ್ತು. ಬೋರ್‌ವೆಲ್ ನೀರು ತಣ್ಣಗೆ, ಮಳೆಗಾಲದ ಗಾಳಿ ತೇವ. ತಣ್ಣನೆ ಚೊಂಬು ಬೆವರುವುದಿಲ್ಲವೇ, ಹಾಗೆ. ಒರೆಸಿ, ಟಿಶ್ಯೂ ಬದಲಿಸಿ, ಫ್ಯಾನ್ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ನೀರು ಬೆಚ್ಚಗಾಗಿ ಬೆವರು ನಿಂತಿತು.

ಎರಡು ದಿನ ಕಳೆದಾಗ ಮಟ್ಟ ಟೇಪಿಗಿಂತ 3 ಮಿಲಿಮೀಟರ್ ಕೆಳಗೆ ಇಳಿದಿತ್ತು. ಲೆಕ್ಕಕ್ಕೆ ಮುಕ್ಕಾಲು ಲೀಟರಿಗಿಂತ ಜಾಸ್ತಿ. ಟಿಶ್ಯೂ ಒಣಗಿದೆ, ನೀರು ಮಾತ್ರ ಇಲ್ಲ. ಪುಣ್ಯಕ್ಕೆ ಪಕ್ಕದಲ್ಲೇ ಒಂದು ಬಕೆಟ್ ನೀರನ್ನೂ ಗುರುತು ಹಾಕಿ ಇಟ್ಟಿದ್ದೆ. ಅದರಲ್ಲೂ ಮೂರೇ ಇಳಿದಿತ್ತು. ಬಕೆಟ್ಟಂತೂ ಸೋರುವುದಿಲ್ಲ. ಗಾಳಿಗೆ ಆರಿ ಹೋಗಿದ್ದು ಅಷ್ಟೇ. ಮೂರನೇ ದಿನವೂ ಬಿಟ್ಟು, ನಾಲ್ಕನೇ ದಿನ ಪೈಪ್ ಹಾಕಿ ದಾಸವಾಳದ ಗಿಡಕ್ಕೆ ನೀರು ಬಿಟ್ಟೆ. ಇನ್ನೆರಡು ಸಲ ತುಂಬಿಸಿ ಖಾಲಿ ಮಾಡಿ ತೊಳೆದೆ.

ಖರ್ಚು ಕೇಳುತ್ತೀರೆಂದು ಹೇಳುತ್ತೇನೆ. ಟ್ಯಾಂಕ್ 1,500, ಆಟೋ 400, ಸಿಲಿಕಾನ್, ಗನ್, ಟೇಪ್, ಬ್ಲೇಡ್, ಅಸಿಟೋನ್ ಎಲ್ಲ ಸೇರಿ 900 ಹತ್ತಿರ. ಹೊಸ ಟ್ಯಾಂಕಿಗೆ ಅದೇ ಗಾಜಿನವರು 4,500 ಹೇಳಿದ್ದರು. ಉಳಿದ ದುಡ್ಡನ್ನು ನನ್ನ ಮೂರು ವಾರದ ಕೂಲಿಗೆ ಭಾಗಿಸಿದರೆ ಏನೂ ಗಿಟ್ಟುವುದಿಲ್ಲ, ಆ ಲೆಕ್ಕ ಹಾಕಬೇಡಿ.

ನಾಲ್ಕು ಜನ ಸೇರಿ ಹಾಲ್‌ಗೆ ತಂದೆವು. ಈಗ ಮರಳು, ನೀರು, ಫಿಲ್ಟರ್ ಎಲ್ಲ ಇದೆ, ಮೀನು ಇನ್ನೂ ಇಲ್ಲ. ಫಿಲ್ಟರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಇನ್ನೂ ಕೆಲವು ವಾರ ಬೇಕು ಅಂತ ಮಗಳಿಗೆ ಹೇಳಿದ್ದೇನೆ. ಅವಳು ದಿನಾ ಸ್ಕೂಲಿಂದ ಬಂದು ಖಾಲಿ ನೀರನ್ನು ನೋಡಿ, ನನ್ನನ್ನು ನೋಡಿ, ಒಳಗೆ ಹೋಗುತ್ತಾಳೆ. ಹಿಂದಿನ ಎಡ ತುದಿಯ ಕೆಳಗೆ ಒಂದು ಟಿಶ್ಯೂ ಪಟ್ಟಿ ಬೇಕೆಂದೇ ಉಳಿಸಿದ್ದೇನೆ. ಇವತ್ತು ಬೆಳಗ್ಗೆಯೂ ಬಗ್ಗಿ ನೋಡಿದೆ. ನೀಲಿ ಗೆರೆ ನೆಟ್ಟಗೇ ಇದೆ.